ಕಡಲಾಚೆಯ ಬಸವ ಜಯಂತಿ

ವೈಶಾಖ ಶುದ್ಧ ತದಿಗೆಯ ದಿನ ಕನ್ನಡ ನಾಡಿನ ಊರೂರುಗಳಲ್ಲಿ ಬೆಳಗಾಗುವ ಬಗೆಯೇ ಬೇರೆ. ಒಕ್ಕಲು ಮಕ್ಕಳು ಎತ್ತುಗಳ ಮೈ ತೊಳೆದು, ಕೋಡುಗಳಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ ಮೆರವಣಿಗೆಗೆ ಅಣಿಗೊಳಿಸುತ್ತಾರೆ. ಮಠಗಳಲ್ಲಿ ತಾಯಂದಿರು ಬಸವಣ್ಣನವರನ್ನು ತೊಟ್ಟಿಲಲ್ಲಿಟ್ಟು ಜೋಗುಳ ಹಾಡುತ್ತಾರೆ. ಮಧ್ಯಾಹ್ನಕ್ಕೆ ದಾಸೋಹ, ಸಂಜೆಗೆ ಪ್ರವಚನ. ಶಾಲೆ ಕಚೇರಿಗಳಿಗೆ ಅಂದು ಬಿಡುವು. ಹೀಗೆ ಸ್ವದೇಶದಲ್ಲಿರುವ ಗೃಹಸ್ಥನಿಗೆ ಹಬ್ಬವು ತಾನಾಗಿಯೇ ಬಾಗಿಲಿಗೆ ಬರುತ್ತದೆ, ಬಾರದಿರೆಂದರೂ ಬರುತ್ತದೆ. ಬಂದುದನ್ನು ಒಳಗೆ ಕರೆದುಕೊಳ್ಳುವಷ್ಟೇ ಅವನ ಕೆಲಸ.

ಆ ಗೃಹಸ್ಥನ ಮಗ ಉದ್ಯೋಗನಿಮಿತ್ತವಾಗಿ ಅಮೆರಿಕೆಯ ಶಿಕಾಗೋ ನಗರದಲ್ಲಿ ಸಂಸಾರ ಹೂಡಿದ್ದಾನೆಂದು ಭಾವಿಸೋಣ. ಇಂದು ಇಂತಹ ಮಗನೋ ಮಗಳೋ ಇಲ್ಲದ ಮನೆಗಳು ಪಟ್ಟಣಗಳಲ್ಲಿ ಕಡಿಮೆ, ಹಳ್ಳಿಗಳಲ್ಲಿಯೂ ಅಪರೂಪವೇನಲ್ಲ. ಅಲ್ಲಿ ತದಿಗೆಯು ಎಲ್ಲ ದಿನಗಳಂತೆ ದುಡಿಮೆಯ ಒಂದು ದಿನ. ಎತ್ತಿಲ್ಲ, ತೊಟ್ಟಿಲಿಲ್ಲ, ಬೀದಿಯಲ್ಲಿ ಸಂಭ್ರಮವಿಲ್ಲ. ಮಗನು ಕೆಲಸದಿಂದ ಮನೆಗೆ ಬಂದು ರಾತ್ರಿ ಎಂಟರ ಹೊತ್ತಿಗೆ ತಾಯಿಗೆ ಫೋನು ಮಾಡುತ್ತಾನೆ. ತಾಯಿಗೆ ಆಗ ಮರುದಿನದ ಬೆಳಗಿನ ಆರೂವರೆ. ಅವಳ ಅಂಗಳದಲ್ಲಿ ತದಿಗೆ ಬಂದಾಗಿದೆ. “ಹಬ್ಬ ಹ್ಯಾಂಗ ಮಾಡ್ತೀ ತಮ್ಮಾ?” ಎಂದು ಅವಳು ಕೇಳುತ್ತಾಳೆ. “ಅವ್ವಾ, ಇಲ್ಲಿ ಇನ್ನೂ ನಿನ್ನಿನ ಸಂಜಿನೇ ಐತಿ. ನಾಳೆ ಕೆಲಸಕ್ಕ ಹೋಗಬೇಕು. ನಾವೆಲ್ಲಾ ಕೂಡಿ ಬರೋ ಶನಿವಾರ ಜಯಂತಿ ಮಾಡ್ತೇವಿ” ಎನ್ನುತ್ತಾನೆ ಮಗ. ತಾಯಿ ಕ್ಷಣಕಾಲ ಸುಮ್ಮನಾಗಿ, “ತಿಥಿ ತಪ್ಪಿದ ಮ್ಯಾಲೆ ಹಬ್ಬ ಎಂಥಾದ್ದಪಾ?” ಎಂದುಬಿಡುತ್ತಾಳೆ.

ಈ ಮಾತನ್ನು ಹಳೆಯ ಕಾಲದವಳ ಮೂಢತನವೆಂದು ತಳ್ಳಿಹಾಕಲಾಗದು. ಮಗ ದೂರವಾದನು, ಮೊಮ್ಮಕ್ಕಳ ನುಡಿ ದೂರವಾಯಿತು, ಈಗ ಹಬ್ಬದ ದಿನವೂ ಜಾರಿತು. ಇನ್ನುಳಿಯುವುದೇನು ಎಂಬ ಕಳವಳ ಅದರೊಳಗಿದೆ. ಮಗನಿಗೂ ಉತ್ತರ ಹೊಳೆಯುವುದಿಲ್ಲ. ತಾನು ತಪ್ಪಿತಸ್ಥನೋ ಅಲ್ಲವೋ ಎಂಬುದು ಅವನಿಗೇ ತಿಳಿಯದು. ಆದುದರಿಂದ ಈ ಪ್ರಶ್ನೆಯನ್ನು ಶರಣರ ಬಾಳಿನ ಬೆಳಕಿನಲ್ಲಿಟ್ಟು ನೋಡತಕ್ಕದ್ದು.

ಮೊದಲು ತಿಥಿಯ ಮಾತು. ಚಂದ್ರನು ಸೂರ್ಯನಿಂದ 12 ಅಂಶ ಮುಂದೆ ಸರಿಯುವ ಕಾಲವೇ ಒಂದು ತಿಥಿ. ಚಂದ್ರನ ಗತಿ ಒಂದೇ ಸಮನಾಗಿರದ ಕಾರಣ ಅದು ಸುಮಾರು 20ರಿಂದ 27 ಗಂಟೆಗಳವರೆಗೆ ಹೆಚ್ಚು ಕಡಿಮೆಯಾಗುತ್ತದೆ. ಅದು ಆರಂಭವಾಗುವ ಕ್ಷಣ ಭೂಮಂಡಲಕ್ಕೆಲ್ಲ ಒಂದೇ. ಆದರೆ ಸೂರ್ಯೋದಯವು ಒಂದೊಂದು ನಾಡಿಗೆ ಒಂದೊಂದು ಹೊತ್ತು. ಆದುದರಿಂದಲೇ ಕ್ರಮಬದ್ಧವಾಗಿ ಗಣಿಸಿದರೂ ಇಲ್ಲಿಯ ಪಂಚಾಂಗದ ಹಬ್ಬ ಅಲ್ಲಿಯ ಗಣನೆಯಲ್ಲಿ ಕೆಲವು ವರ್ಷ ಒಂದು ದಿನ ಹಿಂದಾಗುತ್ತದೆ. ಮಹಾಶಿವರಾತ್ರಿಯನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ಮಾಘ ಬಹುಳ ಚತುರ್ದಶಿಯು ನಡುರಾತ್ರಿಯಲ್ಲಿ ಇರಬೇಕೆಂಬುದು ಅದರ ನಿಯಮ. ಬೆಂಗಳೂರಿನಲ್ಲಿ ನಡುರಾತ್ರಿ 12 ಹೊಡೆದಾಗ, ಚಳಿಗಾಲದ ಶಿಕಾಗೋದಲ್ಲಿ ಹಗಲು 12-30. ತಾಯಿಯ ಜಾಗರಣೆಯ ಕ್ಷಣವನ್ನೇ ಹಿಡಿಯುತ್ತೇನೆಂದು ಹೊರಟ ಮಗನು ಹಾಡಹಗಲಿನಲ್ಲಿ ಶಿವರಾತ್ರಿ ಮಾಡಬೇಕಾಗುತ್ತದೆ. ರಾತ್ರಿಯನ್ನು ಹಿಡಿದರೆ ಆ ಕ್ಷಣ ಕೈಬಿಡುತ್ತದೆ. ಋತುವಿನ ಮಾತಂತೂ ಹೇಳುವಂತೆಯೇ ಇಲ್ಲ. ಇಲ್ಲಿ ವೈಶಾಖವು ವಸಂತವಾದರೆ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಅದೇ ವೈಶಾಖವು ಎಲೆ ಉದುರುವ ಕಾಲ.

ಇನ್ನೊಂದು ಸಂಗತಿಯನ್ನು ತಾಯಂದಿರು ಮರೆಯಬಾರದು. ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿಯು ಕಲ್ಯಾಣದ ಕಾಲದಿಂದ ಬಂದುದಲ್ಲ. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಅಲ್ಲಿಯ ವಿರಕ್ತಮಠದ ಮೃತ್ಯುಂಜಯಪ್ಪಗಳವರೊಡನೆ ಕೂಡಿ ಇದಕ್ಕೆ ನಾಂದಿ ಹಾಡಿದರು. ಅನಾದಿಯೆಂದು ಇಂದು ತೋರುವ ಈ ಉತ್ಸವಕ್ಕೆ ಇನ್ನೂ ಒಂದೂವರೆ ಶತಮಾನ ತುಂಬಿಲ್ಲ. ಮರೆತುಹೋಗುತ್ತಿರುವ ಬಸವಣ್ಣನವರನ್ನು ಜನರಿಗೆ ನೆನಪಿಸಬೇಕೆಂಬ ಹಂಬಲವೇ ಅಂದು ಈ ಉತ್ಸವವನ್ನು ಹುಟ್ಟಿಸಿತು. ಶಿಕಾಗೋದ ಗೃಹಸ್ಥನು ಶನಿವಾರದಂದು ಮಾಡಹೊರಟಿರುವುದೂ ಅದೇ ಹಂಬಲದ ಕೆಲಸ.

ವಾರ ತಿಥಿ ನಕ್ಷತ್ರಗಳಲ್ಲಿ ಶುಭಾಶುಭವನ್ನು ಹುಡುಕುವುದನ್ನು ಶರಣರು ಒಪ್ಪಲಿಲ್ಲವೆಂಬುದು ಸರ್ವವಿದಿತ. ಶಿವಸ್ಮರಣೆಯಿದ್ದ ಹೊತ್ತೇ ಅವರಿಗೆ ಒಳ್ಳೆಯ ಹೊತ್ತು. ಅದರ ಮೇಲೆ ಕಾಯಕದ ನಿಯಮ ಬೇರೆ. ಕಾಯಕದಲ್ಲಿ ತೊಡಗಿದವನು ಪೂಜೆಯ ಹೊತ್ತನ್ನೇ ಮರೆತರೂ ದೋಷವಿಲ್ಲವೆಂದ ಆಯ್ದಕ್ಕಿ ಮಾರಯ್ಯನವರ ಪರಂಪರೆಯಲ್ಲಿ, ದುಡಿಮೆಯ ದಿನ ದುಡಿದು ಬಿಡುವಿನ ದಿನ ಜಯಂತಿ ಮಾಡುವವನನ್ನು ತಪ್ಪಿತಸ್ಥನೆನ್ನಲು ಬಾರದು. ಶನಿವಾರದ ಜಯಂತಿಗೆ ಅಡ್ಡಿಯಿಲ್ಲ.

ಅಡ್ಡಿಯಿಲ್ಲವೆಂದೊಡನೆ ಮನಸ್ಸು ಸಡಿಲಗೊಳ್ಳುವುದೂ ಉಂಟು. ಈ ಶನಿವಾರ ಸಭಾಭವನ ದೊರೆಯಲಿಲ್ಲವೆಂದು ಮುಂದಿನ ಶನಿವಾರಕ್ಕೆ, ಆ ಶನಿವಾರ ಹಾಡುವವರು ಬರಲಾರರೆಂದು ಮರುತಿಂಗಳಿಗೆ ಜಯಂತಿಯು ಸರಿಯುತ್ತ ಹೋದರೆ, ಅಲ್ಲಿ ಪಂಚಾಂಗದ ಆಳಿಕೆ ಹೋಗಿ ಬಾಡಿಗೆಯ ಪಟ್ಟಿಯ ಆಳಿಕೆ ಬಂದಂತಾಯಿತಲ್ಲದೆ ಮತ್ತೇನು? ಹತ್ತು ಜನ ಕೂಡುವ ಉತ್ಸವ ಕಾಯಬಹುದು. ಅಂಗೈಯ ಇಷ್ಟಲಿಂಗ ಕಾಯಬೇಕಾದ ಕಾರಣವೇ ಇಲ್ಲ. ಅದಕ್ಕೆ ಸಭಾಭವನ ಬೇಡ, ರಜೆ ಬೇಡ. ಬೆಳಿಗ್ಗೆ ಕಾಲು ತಾಸು ಮುಂಚೆ ಏಳುವ ಮನಸ್ಸು ಸಾಕು. ಉತ್ಸವವನ್ನು ಶನಿವಾರಕ್ಕೆ ಇಟ್ಟವನು ತದಿಗೆಯ ಬೆಳಗಿನ ಪೂಜೆಯನ್ನು ಬಿಟ್ಟಿದ್ದರೆ ತಾಯಿಯ ಪ್ರಶ್ನೆ ನ್ಯಾಯವಾದದ್ದೇ.

ಇಲ್ಲಿ ಬಸವಣ್ಣನವರ ಬಾಳಿನ ಒಂದು ಪ್ರಸಂಗವನ್ನು ನಿಧಾನವಾಗಿ ನೋಡಬೇಕು. ಹರಿಹರ ಕವಿಯ ‘ಬಸವರಾಜದೇವರ ರಗಳೆ’ಯಲ್ಲಿ ಈ ಕಥೆ ಬರುತ್ತದೆ. ಬಾಗೇವಾಡಿಯನ್ನು ತೊರೆದು ಬಂದ ಬಸವಣ್ಣನವರು ಕೃಷ್ಣಾ ಮಲಪ್ರಭೆಯರು ಕೂಡುವ ಸಂಗಮದಲ್ಲಿ ಸಂಗಮನಾಥನ ಪೂಜೆಯಲ್ಲಿ ನೆಲೆನಿಂತಿದ್ದಾರೆ. ಅಲ್ಲಿಂದ ಕದಲುವ ಇಚ್ಛೆ ಅವರಿಗಿಲ್ಲ. ಹೀಗಿರಲು ಕನಸಿನಲ್ಲಿ ಸಂಗಮನಾಥನು ಮಂಗಳವಾಡಕ್ಕೆ ಹೋಗೆಂದು ಅಪ್ಪಣೆ ಮಾಡುತ್ತಾನೆ. ಬಸವಣ್ಣನವರು ಆ ಅಪ್ಪಣೆಯನ್ನು ಕೇಳಿ ಹಿಗ್ಗಲಿಲ್ಲ. ತನ್ನನ್ನು ಅಗಲಿಸಬೇಡವೆಂದು ಮರುಗಿದರು. ಆಗ ದೇವನು ಅವರನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ; ನಂದಿಯ ಮುಖದಿಂದ ಒಂದು ಲಿಂಗವನ್ನು ಅವರ ಕರಕ್ಕೆ ದಯಪಾಲಿಸಿದನು. ಗುಡಿಯ ದೇವರು ಗುಡಿಯಲ್ಲಿಯೇ ಉಳಿದನು. ಕೈಯೊಳಗಿನ ದೇವರು ಊರು ಬಿಟ್ಟು ಹೊರಟವನ ಸಂಗಡ ಹೊರಟನು.

ಊರು ಬಿಡುವ ಸಂಕಟವನ್ನು ಬಸವಣ್ಣನವರು ಉಂಡಿದ್ದರೆಂಬುದನ್ನು ದೂರದೇಶದ ಸದ್ಭಕ್ತರು ಮನದಲ್ಲಿಟ್ಟುಕೊಳ್ಳಬೇಕು. ಮಂಗಳವಾಡದಲ್ಲಿಯೂ ಅನಂತರ ಕಲ್ಯಾಣದಲ್ಲಿಯೂ ಭಂಡಾರದ ಲೆಕ್ಕ, ರಾಜಕಾರ್ಯ, ಮಹಾಮನೆಯ ದಾಸೋಹ ಇವುಗಳ ನಡುವೆ ಅವರು ವಚನಗಳನ್ನು ನುಡಿದರು. ಆ ವಚನಗಳೆಲ್ಲ ಕೊನೆಗೆ ಬಂದು ನಿಲ್ಲುವುದೆಲ್ಲಿ? ಕೂಡಲಸಂಗಮದೇವನ ಹೆಸರಿನಲ್ಲಿ. ಕಲ್ಯಾಣದಲ್ಲಿ ಕುಳಿತು ನುಡಿದರೂ ನುಡಿಯು ಹೊಳೆಯ ಕೂಟಕ್ಕೆ ಹೋಗಿ ಮುಟ್ಟುತ್ತದೆ. ಅಂಕಿತವನ್ನು ವಚನದ ಕರ್ತೃವನ್ನು ಗುರುತಿಸುವ ಮುದ್ರೆಯೆಂದಷ್ಟೇ ವಿದ್ವಾಂಸರು ವಿವರಿಸುವುದುಂಟು. ಆ ವಿವರಣೆ ತಪ್ಪಲ್ಲ, ಆದರೆ ಬಡವಾದುದು. ಊರು ಬಿಟ್ಟವನು ತನ್ನ ಊರಿನ ದೇವರನ್ನು ನಾಲಗೆಯ ಮೇಲೆ ಕಟ್ಟಿಕೊಂಡು ಬಂದ ಗಂಟೂ ಹೌದು ಅದು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ಮಾಡಿದರು. ಅವರ ವಚನಗಳಲ್ಲಿ ಅಮರೇಶ್ವರಲಿಂಗ ಉಳಿದನು. ಕಲ್ಯಾಣವು ಎಷ್ಟೋ ಮಟ್ಟಿಗೆ ವಲಸೆ ಬಂದವರ ಊರಾಗಿತ್ತು.

ಬಂದವರೆಲ್ಲರೂ ಒಂದೇ ರೀತಿಯಲ್ಲಿ ನಡೆದುಕೊಂಡರೆಂದೂ ತಿಳಿಯಬಾರದು. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದರೆಂದು ಪರಂಪರೆ ಹೇಳುತ್ತದೆ. ರಾಜ್ಯವನ್ನು ಬಿಟ್ಟು ರಾಣಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಕಟ್ಟಿಗೆಯ ಹೊರೆ ತಂದು ಮಾರಿ ಜಂಗಮಕ್ಕೆ ಉಣಬಡಿಸಿದರು. ಅವರ ಹೆಸರಿಗೇ ಕಟ್ಟಿಗೆಯ ಹೊರೆ ಅಂಟಿಕೊಂಡಿತು. ನಿಃಕಳಂಕ ಮಲ್ಲಿಕಾರ್ಜುನನೆಂಬ ಅವರ ಅಂಕಿತದಲ್ಲಿ ಕಾಶ್ಮೀರದ ಸುಳಿವೇ ಇಲ್ಲ. ಇತ್ತ ಆದಯ್ಯನವರನ್ನು ನೋಡಬೇಕು. ಇವರು ಸೌರಾಷ್ಟ್ರದಿಂದ ವ್ಯಾಪಾರಕ್ಕಾಗಿ ಪುಲಿಗೆರೆಗೆ, ಎಂದರೆ ಇಂದಿನ ಲಕ್ಷ್ಮೇಶ್ವರಕ್ಕೆ ಬಂದವರು. ಪರನಾಡಿನಲ್ಲಿ ಪದ್ಮಾವತಿಯನ್ನು ಮದುವೆಯಾಗಿ ಅಲ್ಲಿಯೇ ನೆಲೆಸಿದರು. ರಾಘವಾಂಕನ ‘ಸೋಮನಾಥ ಚರಿತೆ’ಯ ಕಥಾನಾಯಕರು ಇವರೇ. ಆ ಕಾವ್ಯದಲ್ಲಿ ಬರುವ ಮತಗಳ ಜಗಳ ಆ ಕಾಲಕ್ಕೆ ಸೇರಿದ್ದು. ಅದನ್ನು ಇಂದು ಕೆದಕಿ ಪ್ರಯೋಜನವಿಲ್ಲ. ಗಮನಿಸಬೇಕಾದುದು ಆ ವರ್ತಕನ ಹಟವನ್ನು. ತಾನು ಕರೆದ ಶಿವಭಕ್ತರಿಗೆ ತನ್ನ ಮನೆಯಲ್ಲಿ ಅನ್ನ ಸಲ್ಲದೆ ಹೋದಾಗ ಅವರಿಗೆ ಅದು ಸಹಿಸಲಾಗಲಿಲ್ಲ. ಸೌರಾಷ್ಟ್ರದ ಸೋಮನಾಥನನ್ನೇ ಪುಲಿಗೆರೆಗೆ ಕರೆತರುತ್ತೇನೆಂದು ಪಣತೊಟ್ಟು ಹೊರಟರು, ಕರೆತಂದರು. ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯದಲ್ಲಿ ನಂದಿಯನ್ನೇರಿದ ಶಿವಪಾರ್ವತಿಯರ ಮೂರ್ತಿಯನ್ನು ಇಂದಿಗೂ ಕಾಣಬಹುದು. ಆದಯ್ಯನವರ ವಚನಗಳೆಲ್ಲ ಕನ್ನಡದಲ್ಲಿವೆ. ಅಂಕಿತ ಮಾತ್ರ ಸೌರಾಷ್ಟ್ರ ಸೋಮೇಶ್ವರ. ಬಂದ ನಾಡಿನ ನುಡಿಯನ್ನು ಒಪ್ಪಿಕೊಂಡು ಅದರಲ್ಲಿಯೇ ಬಿಟ್ಟುಬಂದ ನಾಡಿನ ದೇವರನ್ನು ಕರೆದ ಈ ವರ್ತಕನು, ಇಂದು ಶಿಕಾಗೋದಲ್ಲಿಯೋ ಲಂಡನ್ನಿನಲ್ಲಿಯೋ ಕುಳಿತ ಕನ್ನಡ ಗೃಹಸ್ಥನಿಗೆ ಎಷ್ಟು ಹತ್ತಿರದ ಬಂಧು!

ಲಂಡನ್ನಿನ ಹೆಸರು ಬಂದುದರಿಂದ ಇನ್ನೊಂದು ಮಾತು. ಆ ನಗರದ ಥೇಮ್ಸ್ ನದಿಯ ದಂಡೆಯಲ್ಲಿ, ಲ್ಯಾಂಬೆತ್ ಭಾಗದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಬಸವೇಶ್ವರರ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಭಾರತದ ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಇದು ಆದಯ್ಯನವರ ಹಾದಿ. ನಿಂತ ಗುಡಿಯ ಬದಲಿಗೆ ನಡೆಯುವ ಮನುಷ್ಯನ ಮೈಯನ್ನೇ ಗುಡಿಯಾಗಿ ಕಂಡ ಮಹಾನುಭಾವನನ್ನು ಹೊಳೆಯ ದಂಡೆಯಲ್ಲಿ ನಿಲ್ಲಿಸಿದ್ದಾರೆಂದು ಯಾರಾದರೂ ನಗಬಹುದು. ನಗುವವರು ನಗಲಿ. ಹಾದುಹೋಗುವ ಪರದೇಶದವನೊಬ್ಬನು ನಿಂತು, ಇವರು ಯಾರೆಂದು ಕೇಳಿದರೆ ಪ್ರತಿಮೆಯ ಕೆಲಸ ಆಯಿತು. ಆದರೆ ಕೇಳಿದವನಿಗೆ ಉತ್ತರ ಕೊಡಬಲ್ಲವರು ಆ ಊರಿನಲ್ಲಿರಬೇಕು. ಪ್ರತಿಮೆಯನ್ನು ಕೆಲವರು ಸೇರಿ ನಿಲ್ಲಿಸಬಹುದು. ಉತ್ತರವು ಮನೆಮನೆಯಲ್ಲಿ ಸಿದ್ಧವಾಗಬೇಕಾದುದು.

ಆ ಸಿದ್ಧತೆಗೆ ಮಕ್ಕಳೇ ಒರೆಗಲ್ಲು. ಪರದೇಶದ ಜಯಂತಿಗಳಲ್ಲಿ ಮಕ್ಕಳಿಗೆ ಇಂಗ್ಲಿಷ್ ಲಿಪಿಯಲ್ಲಿ ವಚನ ಬರೆದುಕೊಟ್ಟು ಬಾಯಿಪಾಠ ಮಾಡಿಸುವುದುಂಟು. ಮಗು ಗಿಣಿಯಂತೆ ಒಪ್ಪಿಸುತ್ತದೆ. ಸಭೆ ಚಪ್ಪಾಳೆ ತಟ್ಟುತ್ತದೆ. ತಾಯಿತಂದೆಗಳ ಕಣ್ಣು ತುಂಬುತ್ತದೆ. ಇದು ಬೇಡವೆನ್ನಲಾಗದು, ಏಕೆಂದರೆ ವಚನದ ನಾದವೂ ಒಂದು ಪ್ರಸಾದ. ಆದರೆ ಸಂಸ್ಕೃತದ ಮಂತ್ರವನ್ನು ಅರ್ಥವರಿಯದೆ ಉರು ಹೊಡೆಯುವುದು ಬೇಡವೆಂದೇ ಅಲ್ಲವೇ ಶರಣರು ಜನರ ಆಡುಮಾತಿನಲ್ಲಿ ನುಡಿದುದು? ಅದೇ ವಚನವನ್ನು ಈಗ ಅರ್ಥವರಿಯದ ಮಂತ್ರವನ್ನಾಗಿ ಮಾಡಿ ಮಗುವಿನ ಬಾಯಿಗೆ ತುಂಬಿದರೆ, ಗಾಡಿಯು ಹೊರಟ ಜಾಗಕ್ಕೇ ಬಂದು ನಿಂತಿತು. ಮಗುವಿಗೆ ಇಂಗ್ಲಿಷೇ ಆಡುಮಾತಾಗಿದ್ದರೆ ಅದರಲ್ಲಿಯೇ ಅರ್ಥ ಹೇಳಬೇಕು. ಮೈಸೂರಿನವರಾದ ಎ. ಕೆ. ರಾಮಾನುಜನ್ನರು ಇದೇ ಶಿಕಾಗೋದ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದಾಗ, ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭುಗಳ ವಚನಗಳನ್ನು ಇಂಗ್ಲಿಷಿಗೆ ತಂದು 1973ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಎಂಬ ಗ್ರಂಥವನ್ನು ಪ್ರಕಟಿಸಿದರು. ಅವರು ಹುಟ್ಟಿನಿಂದ ಲಿಂಗವಂತರಲ್ಲ. ಮನೆಯವರು ಮಾಡಬೇಕಾದ ಕೆಲಸವನ್ನು ನೆರೆಯವರು ಮಾಡಿಕೊಟ್ಟಂತಾಯಿತು.

ಹಾಗೆ ಅರ್ಥ ಹೇಳತೊಡಗಿದ ಮನೆಯಲ್ಲಿ ಮಗು ಸುಮ್ಮನಿರುವುದಿಲ್ಲ. ಎಲ್ಲ ವಚನವೂ ಒಂದೇ ಹೆಸರಿನಲ್ಲಿ ಏಕೆ ಮುಗಿಯುತ್ತದೆ, ಆ ಕೂಡಲಸಂಗಮ ಎಲ್ಲಿದೆ ಎಂದು ಕೇಳುತ್ತದೆ. ತಂದೆಯು ನಕಾಶೆಯಲ್ಲಿ ಎರಡು ಹೊಳೆಗಳನ್ನು ತೋರಿಸಿ ಇಲ್ಲಿದೆ ಎನ್ನಬಹುದು. ಪ್ರಾಮಾಣಿಕನಾದ ತಂದೆ ಮತ್ತೊಂದನ್ನೂ ಹೇಳಬೇಕು. ನಾರಾಯಣಪುರದ ಅಣೆಕಟ್ಟಿನ ನೀರು ಹಿಂದಕ್ಕೆ ಒತ್ತಿ ಆ ದಂಡೆಯ ರೂಪವೇ ಬದಲಾಗಿದೆ. ಬಸವಣ್ಣನವರ ಐಕ್ಯಸ್ಥಳಕ್ಕೆ ಸುತ್ತಲೂ ಗೋಡೆ ಕಟ್ಟಿ ನೀರನ್ನು ತಡೆದಿದ್ದಾರೆ. ಭಕ್ತರು ಬಾವಿಗೆ ಇಳಿದಂತೆ ಮೆಟ್ಟಿಲಿಳಿದು ದರ್ಶನ ಪಡೆಯುತ್ತಾರೆ. ತಾನು ಬಿಟ್ಟುಬಂದ ಊರು ಬಿಟ್ಟಾಗ ಇದ್ದಂತೆಯೇ ಕಾದು ಕುಳಿತಿದೆಯೆಂದು ಪರದೇಶದವನು ನಂಬುತ್ತಾನೆ. ಊರು ಹಾಗೆ ಕಾಯುವುದಿಲ್ಲ. ಇಲ್ಲಿಯ ಎಷ್ಟೋ ಮನೆಗಳಲ್ಲಿ ತದಿಗೆಯ ದಿನ ಎತ್ತಿನ ಬದಲು ಟ್ರ್ಯಾಕ್ಟರಿಗೆ ಪೂಜೆ ಸಲ್ಲುತ್ತಿದೆ. ಹಳೆಯ ಊರನ್ನು ಹುಡುಕಲು ಹೊರಟ ಹಬ್ಬಕ್ಕೆ ದಣಿವೇ ಫಲ.

ಇನ್ನು ಊಟದ ಮಾತು. ಶನಿವಾರದ ಜಯಂತಿಯಲ್ಲಿ ಹೋಳಿಗೆ, ಎಣ್ಣೆಗಾಯಿ, ಚಿತ್ರಾನ್ನ, ಜೋಳದ ರೊಟ್ಟಿಗಳು ಸಾಲುಗಟ್ಟುತ್ತವೆ. ಒಬ್ಬೊಬ್ಬರ ಮನೆಯಿಂದ ಒಂದೊಂದು ಪದಾರ್ಥ ಬರುವುದು ಅಲ್ಲಿಯ ಕ್ರಮ; ಅದು ಒಳ್ಳೆಯ ಕ್ರಮ, ಕೈಗಳೆಲ್ಲ ದುಡಿದಂತಾಯಿತು. ಆದರೆ ಬರಬರುತ್ತ ಇದು ಯಾರ ಪಾತ್ರೆ ದೊಡ್ಡದೆಂಬ ಪಂದ್ಯವಾಗಿ, ಉಳಿದ ಅನ್ನ ಕಸದ ತೊಟ್ಟಿಗೆ ಬೀಳುವುದೂ ಉಂಟು. ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ಕೇಳದ ಲಿಂಗವಂತರಿಲ್ಲ. ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಇದ್ದ ಜಾಗದಲ್ಲಿಯೇ ಸುರಿದು ಬನ್ನಿರೆಂದು ಆ ತಾಯಿ ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಆಕೆಯನ್ನು ಆ ಶನಿವಾರದ ಅಡುಗೆಮನೆಗೆ ಕರೆತಂದರೆ ಎಷ್ಟು ಪಾತ್ರೆಗಳು ಬಾಗಿಲಿನಿಂದಲೇ ಹಿಂತಿರುಗಿಯಾವು!

ಉಳಿದ ಅನ್ನಕ್ಕಿಂತ ದೊಡ್ಡ ಪ್ರಶ್ನೆ, ಆ ಅನ್ನ ಯಾರಿಗೆ ಎಂಬುದು. ಬಡಗಣ ನಾಡಿನ ಎಳ್ಳಮಾವಾಸ್ಯೆಯನ್ನು ನೆನೆಯಬೇಕು. ಸಜ್ಜೆಯ ರೊಟ್ಟಿ, ಕಡುಬು, ಭಜ್ಜಿ, ಶೇಂಗಾದ ಹೋಳಿಗೆ ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಮೊದಲು ನಿಂತ ಬೆಳೆಯ ಮೇಲೆ ಚರಗ ಚೆಲ್ಲಿ, ಆಮೇಲೆ ಬಂದವರೆಲ್ಲರ ಸಂಗಡ ಕುಳಿತು ಉಣ್ಣುತ್ತಾರೆ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆದುಕೊಂಡು ಹೋಗುವುದು ಅಲ್ಲಿಯ ವಾಡಿಕೆ. ಒಂಟಿಯಾಗಿ ಆ ಹಬ್ಬ ಮಾಡಲು ಬಾರದು. ಶಿಕಾಗೋದಲ್ಲಿ ಆ ಹೊತ್ತಿಗೆ ಕೊರೆಯುವ ಚಳಿ, ಹಲವು ವರ್ಷ ಹಿಮವೂ ಮುಸುಕಿರುತ್ತದೆ. ಅಲ್ಲಿಯ ಗೃಹಸ್ಥನಿಗೆ ಚರಗ ಚೆಲ್ಲಲು ಹೊಲವೆಲ್ಲಿ? ಆದರೆ ಹಸಿದವರಿಗೆ ಅನ್ನ ಹಂಚುವ ಮನೆಗಳು ಆ ನಾಡಿನ ಪಟ್ಟಣಗಳಲ್ಲಿಯೂ ಇವೆ. ಜಯಂತಿಯ ಅಡುಗೆಯ ಮೊದಲ ಪಾಲು ಸಭೆಯ ಪಂಕ್ತಿಗಿಂತ ಮುಂಚೆ ಆ ಮನೆಗೆ ಹೋದರೆ ಅದೇ ಚರಗವಾಯಿತು. ಕಲ್ಯಾಣದಲ್ಲಿ ಕಾಶ್ಮೀರದವನಿಗೂ ಅಮರೇಶ್ವರದವನಿಗೂ ಅನ್ನ ದೊರೆತುದು, ಅವನು ಎಲ್ಲಿಯವನೆಂದು ಮಹಾಮನೆಯ ಬಾಗಿಲು ಕೇಳದಿದ್ದುದರಿಂದ. ಕನ್ನಡದವರೇ ಕನ್ನಡದವರನ್ನು ಕರೆದು, ಅದರಲ್ಲಿಯೂ ತಮ್ಮವರನ್ನೇ ಆರಿಸಿ ಕರೆದು, ಬಾಗಿಲು ಮುಚ್ಚಿ ಉಂಡೆದ್ದರೆ ಅದನ್ನು ಬಂಧುಭೋಜನವೆನ್ನಬಹುದು. ಅದಕ್ಕೆ ದಾಸೋಹದ ಹೆಸರು ಸಲ್ಲದು. ಪಕ್ಕದ ಮನೆಯಲ್ಲಿ ಒಬ್ಬಂಟಿಯಾದ ಮುದುಕನಿರಬಹುದು, ಬೇರೆ ದೇಶದಿಂದ ಓಡಿಬಂದ ಸಂಸಾರವಿರಬಹುದು. ಅವರಿಗೆ ವಚನ ತಿಳಿಯದು, ಹೋಳಿಗೆ ತಿಳಿಯುತ್ತದೆ.

ಮೇಲೆ ಹೇಳಿದ ತಾಯಿ ಮಗನ ಮಾತಿಗೆ ಮರಳಬೇಕು. ಮುಂದಿನ ವರ್ಷ ತದಿಗೆಯ ಬೆಳಗಿನಲ್ಲಿ ತಾಯಿ ಪೂಜೆಗೆ ಕುಳಿತಳು. ಅವಳಿಗೆ ಬೆಳಗಿನ ಆರು ಗಂಟೆ, ಮಗನಿಗೆ ಹಿಂದಿನ ಸಂಜೆಯ ಏಳೂವರೆ. ಆತನು ಅಂದು ಕೆಲಸದಿಂದ ಬಂದು, ಸ್ನಾನ ಮಾಡಿ, ಮಕ್ಕಳನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಸಂಜೆಯ ಪೂಜೆಗೆ ಕುಳಿತನು. ಅವಳಲ್ಲಿ ಸೂರ್ಯನು ಮೂಡುತ್ತಿದ್ದನು, ಇವನಲ್ಲಿ ಮುಳುಗುತ್ತಿದ್ದನು. ಇಬ್ಬರ ಅಂಗೈಯಲ್ಲಿಯೂ ಲಿಂಗವಿತ್ತು. ಪೂಜೆ ಮುಗಿದ ಮೇಲೆ ಮಗನು ಫೋನು ಮಾಡಿದನು. ಉತ್ಸವ ಈ ಸಲವೂ ಶನಿವಾರವೇ ಎಂದು ತುಸು ಅಳುಕುತ್ತಲೇ ಹೇಳಿದನು. ತಾಯಿ ತಿಥಿಯ ಮಾತೆತ್ತಲಿಲ್ಲ.

“ಮಗ್ಗಲ ಮನಿಯವರನ್ನ ಊಟಕ್ಕ ಕರದೀಯೋ ಇಲ್ಲೋ?” ಎಂದು ಕೇಳಿದಳು.